ಸಹಾಯ ಬೇಕು: ಅತ್ತೆ ಊರಿಗೆ ಹೋದರು, ಗೌರಿ ಹಾಲು ಬಿಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದ ಕಡೆಯವರು. ಪುಣೆ ಹತ್ತಿರ ಉರುಳಿ ಕಾಂಚನದಲ್ಲಿ ಆರು ಆಕಳು ಕಟ್ಟಿದ್ದೇವೆ. ನಾದಿನಿಯ ಬಾಣಂತನಕ್ಕೆ ಅತ್ತೆ ಊರಿಗೆ ಹೋಗಿ ಎಂಟು ದಿನ ಆಯಿತು. ಐದು ಆಕಳು ನನ್ನ ಕೈಗೆ ಹೊಂದಿಕೊಂಡಿವೆ. ಗೌರಿ ಮಾತ್ರ ಸುತಾರಾಂ ಒಪ್ಪುತ್ತಿಲ್ಲ.

ಬೆಳಿಗ್ಗೆ 4:30ಕ್ಕೆ ಕೂತರೆ ಕೆಚ್ಚಲು ತುಂಬಿರುತ್ತದೆ. ಮೊಲೆ ಮುಟ್ಟಿದ ಕೂಡಲೇ ಹಾಲು ಮೇಲೆಳೆದುಕೊಳ್ಳುತ್ತಾಳೆ. ಹೊತ್ತಿಗೆ ಏಳು ಲೀಟರ್ ಕೊಡುತ್ತಿದ್ದವಳು ಈಗ ಮೂರು. ಅತ್ತೆಯ ಹಳೆ ಸೀರೆ ಉಟ್ಟು ಕೂತೆ. ಮೂಸಿ ನೋಡಿ ಒದ್ದಳು! ನಮ್ಮವರಿಗೆ ನಗುವೇ ನಗು. ಫೋನಿನಲ್ಲಿ ಅತ್ತೆಯ ದನಿ ಕೇಳಿಸಿದೆ. ಕಿವಿ ನಿಮಿರಿಸಿದಳು, ಅರ್ಧ ಲೀಟರ್ ಜಾಸ್ತಿ ಬಂತು, ಅಷ್ಟೇ.

ಪಕ್ಕದವರು ಸೂಜಿ ಹಾಕಿಸಿ ಅನ್ನುತ್ತಾರೆ. ಅದು ಬೇಡ. ಆ ಸೂಜಿಯಲ್ಲಿರುವ, ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನು ಅವಳ ಮೈಯಲ್ಲೇ ಹುಟ್ಟುತ್ತದೆ, ಗಾಬರಿಯಾದರೆ ಅದಕ್ಕೆ ತಡೆಯಾಗುತ್ತದೆ. ಅದಕ್ಕೆ ದಿನಾ ಚುಚ್ಚುವುದು ಸರಿನಾ? ಡಾಕ್ಟರ್ ನೋಡಿದ್ದಾರೆ, ಕಾಯಿಲೆ ಏನಿಲ್ಲವಂತೆ. ಮೊದಲ ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡುತ್ತೇನೆ, ಗಡ್ಡೆಯೂ ಇಲ್ಲ. ಆದರೆ ಹಾಲು ಒಳಗೇ ಉಳಿದರೆ ಕೆಚ್ಚಲು ಬಾವು ಬಂದೀತು ಅಂತ ಭಯ.

ಅತ್ತೆ ಬರುವುದಕ್ಕೆ ಇನ್ನೂ ಒಂದು ತಿಂಗಳು ಇದೆ. ಫೋನ್ ಮಾಡಿದರೆ ಮೊದಲು ಗೌರಿಯ ಸುದ್ದಿ, ಆಮೇಲೆ ಮೊಮ್ಮಗನದು. ಇಂಥ ಆಕಳನ್ನು ಯಾರಾದರೂ ಹೊಸ ಕೈಗೆ ರೂಢಿ ಮಾಡಿದ್ದೀರಾ? ಹಿಂಡುವಾಗ ಕರು ಮುಂದೆ ಕಟ್ಟಿದರೆ ಉಪಯೋಗ ಇದೆಯಾ? ಕರುವಿಗೆ ಐದು ತಿಂಗಳು, ಹಾಲು ಬಿಡಿಸಿ ಆಗಿದೆ. ಲೋಣಿ, ಯವತ್ ಕಡೆ ಹಾಲು ಹಿಂಡುವ ಅನುಭವಿ ಹೆಂಗಸರಿದ್ದರೂ ತಿಳಿಸಿ, ಎರಡೂ ಹೊತ್ತಿಗೆ ಕೂಲಿ ಕೊಡುತ್ತೇವೆ.