ರೇಟಿಂಗ್ ಇರಲಿ, ಸ್ಕೂಲಲ್ಲಿ ಎಷ್ಟು ಜನ ಇದ್ದಾರೆ ಕೇಳಿ

ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಬರುತ್ತಿದ್ದೇವೆ, ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು, ಹತ್ತಕ್ಕೆ 9 ಅಥವಾ 10 ರೇಟಿಂಗ್ ಇರುವ ಪಬ್ಲಿಕ್ ಸ್ಕೂಲ್ ಹೇಳಿ ಅಂತ ಕೇಳಿದ್ದೀರಿ. ನಾವೂ ಬಂದಾಗ ಇದನ್ನೇ ಕೇಳಿದ್ದೆವು. ಆ ನಂಬರ್ ನೋಡಿಯೇ ಬಾಡಿಗೆ ಜಾಸ್ತಿ ಕೊಟ್ಟು ಮನೆ ಹಿಡಿದೆವು. ಆದರೆ ರೇಟಿಂಗ್ ನಿಂತಿರುವುದು ಬಹುಪಾಲು ಪರೀಕ್ಷೆಯ ಅಂಕದ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಆ ಪರೀಕ್ಷೆ ಶುರುವಾಗುವುದೇ ಮೂರನೇ ಕ್ಲಾಸಿಂದ. ಒಂದನೇ ಕ್ಲಾಸಿನ ಮಗು ಎಡವಿದರೆ ಕೈ ಹಿಡಿಯಲು ಯಾರಿದ್ದಾರೆ ಅನ್ನೋದು ಅದರಲ್ಲಿ ಕಾಣಲ್ಲ.

ನಮ್ಮ ಮಗನ ಕಥೆ ಹೇಳ್ತೀನಿ. ಒಂದನೇ ಕ್ಲಾಸಲ್ಲಿ ಅವನು ಹೇಳುವುದು ಟೀಚರ್‌ಗೆ ಅರ್ಥವಾಗುತ್ತಿರಲಿಲ್ಲ. ಕಾರ್ ಅನ್ನೋಕೆ ಟಾರ್ ಅಂತಿದ್ದ. ಮನೆಯಲ್ಲಿ ಎರಡು ಭಾಷೆ ಇದೆಯಲ್ಲ, ನಿಧಾನಕ್ಕೆ ಸರಿಹೋಗುತ್ತೆ ಅಂದರು. ನಾವೂ ತಲೆಯಾಡಿಸಿ ಬಂದೆವು. ಒಂದು ದಿನ ಹಾಸನದಿಂದ ವಿಡಿಯೋ ಕಾಲ್ ಮಾಡಿದ್ದ ನಮ್ಮತ್ತೆ, "ಇವ್ನು ಕನ್ನಡನೂ ಹಂಗೇ ಮಾತಾಡ್ತಾನಲ್ಲಮ್ಮ, ಕಾಗೆ ಅನ್ನೋಕೆ ತಾದೆ ಅಂತಾನೆ" ಅಂದರು. ಅಲ್ಲಿಗೆ ನನಗೆ ಹೊಳೆಯಿತು. ಎರಡು ಭಾಷೆಯಿಂದ ಬಂದ ತೊಡಕಾಗಿದ್ದರೆ ಕನ್ನಡದಲ್ಲಿ ಕಾಗೆ ಸರಿಯಾಗಿ ಬರಬೇಕಿತ್ತಲ್ವಾ?

ಅಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು. ಸ್ಕೂಲಲ್ಲಿ ಸಿಕ್ಕಿದವರನ್ನೆಲ್ಲ ಕೇಳಿದೆ. ಎಲ್ಲರೂ ಒಳ್ಳೆಯವರೇ, ನೋಡೋಣ ನೋಡೋಣ ಅಂದರು. ಕೊನೆಗೆ ಆಫೀಸಿನ ಹೆಂಗಸೊಬ್ಬರು ಮೆಲ್ಲಗೆ ಹೇಳಿದರು, ಬರೆದು ಕೊಡಿ ಅಂತ. ಮಗುವಿಗೆ ಅಸೆಸ್‌ಮೆಂಟ್ ಮಾಡಿ ಅಂತ ಎರಡು ಸಾಲು, ಕೆಳಗೆ ತಾರೀಖು, ಸಹಿ. ಇಲ್ಲಿನ ನಿಯಮದಲ್ಲಿ ದಿನದ ಲೆಕ್ಕ ಶುರುವಾಗುವುದು ಆ ಕಾಗದದಿಂದ. 15 ದಿನದೊಳಗೆ ಯಾವ ಯಾವ ಪರೀಕ್ಷೆ ಮಾಡುತ್ತೇವೆ ಅಂತ ಅವರು ಪ್ಲಾನ್ ಕೊಡಬೇಕು. ನೀವು ಸಹಿ ಹಾಕಿ ಕೊಟ್ಟ ಮೇಲೆ 60 ದಿನದೊಳಗೆ ಪರೀಕ್ಷೆ ಮುಗಿಸಿ, ಮಗುವಿಗೆ ಯಾವ ಸಹಾಯ ಬೇಕು ಅಂತ ತೀರ್ಮಾನಿಸುವ ಮೀಟಿಂಗ್ ಕರೆಯಬೇಕು. ಉದ್ದದ ರಜೆಗಳು ಈ ಲೆಕ್ಕಕ್ಕೆ ಬರಲ್ಲ.

ಸ್ಪೀಚ್ ಥೆರಪಿ ಸಿಕ್ಕಿತು. ಆಮೇಲೆ ಗೊತ್ತಾಗಿದ್ದು, ಥೆರಪಿಸ್ಟ್ ಎರಡು ಸ್ಕೂಲಿಗೆ ಒಬ್ಬರೇ. ನಮ್ಮಲ್ಲಿಗೆ ಬರುವುದು ಮಂಗಳವಾರ, ಗುರುವಾರ. ಒಂದು ಸಣ್ಣ ಟೇಬಲ್, ಮೂರು ಮಕ್ಕಳು, ಇಪ್ಪತ್ತು ನಿಮಿಷ. ಅವರು ಸರಿಯಾಗಿ ಮಾಡುತ್ತಿರಲಿಲ್ಲ ಅಂತ ದೂರಲ್ಲ. ರಾಜ್ಯದ ಕಾನೂನೇ ಒಬ್ಬ ಥೆರಪಿಸ್ಟ್‌ಗೆ ಸರಾಸರಿ 55 ಮಕ್ಕಳವರೆಗೆ ಒಪ್ಪುತ್ತದೆ. ಪಾಪ, ಅವರಾದರೂ ಏನು ಮಾಡ್ತಾರೆ. ಕ್ಲಾಸಿನದ್ದೂ ಇದೇ ಕಥೆ. ಮೂರನೇ ಕ್ಲಾಸಿನವರೆಗೆ ಒಂದು ಕ್ಲಾಸಿಗೆ ಸರಾಸರಿ 24 ಮಕ್ಕಳು ಅನ್ನೋದು ರಾಜ್ಯದ ಗುರಿ. ಡಿಸ್ಟ್ರಿಕ್ಟ್ (ಊರಿನ ಪಬ್ಲಿಕ್ ಸ್ಕೂಲುಗಳನ್ನು ನಡೆಸುವ ಸಂಸ್ಥೆ) ಮತ್ತು ಟೀಚರ್ ಯೂನಿಯನ್ ಒಪ್ಪಿಕೊಂಡರೆ ಅದನ್ನೂ ಬದಲಿಸಬಹುದು. ನಾಲ್ಕನೇ ಕ್ಲಾಸಿಗೆ ಹೋದಾಗ ನಮ್ಮವನ ಕ್ಲಾಸಲ್ಲಿ 31 ಮಕ್ಕಳಿದ್ದರು.

ಹಾಗಾಗಿ ಸ್ಕೂಲ್ ನೋಡಲು ಹೋದಾಗ ಲೈಬ್ರರಿ, ಆಟದ ಮೈದಾನ ತೋರಿಸುತ್ತಾರೆ, ನೋಡಿ. ಆಮೇಲೆ ಸ್ಪೀಚ್ ಥೆರಪಿಸ್ಟ್, ಸೈಕಾಲಜಿಸ್ಟ್, ಕೌನ್ಸೆಲರ್, ನರ್ಸ್ ವಾರಕ್ಕೆ ಎಷ್ಟು ದಿನ ಇರುತ್ತಾರೆ ಅಂತ ಕೇಳಿ. ನರ್ಸ್ ದಿನಾ ಇರಲ್ಲ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಮೊಣಕಾಲು ತರಚಲಿ, ತಲೆ ನೋಯಲಿ, ಆಫೀಸಲ್ಲಿ ಎಲ್ಲದಕ್ಕೂ ಐಸ್ ಪ್ಯಾಕ್, ನಮ್ಮ ಕಡೆ ಎಲ್ಲದಕ್ಕೂ ಅಮೃತಾಂಜನ ಹಚ್ಚೋ ಹಾಗೆ. ಕ್ಲಾಸಲ್ಲಿ ಏಡ್, ಅಂದರೆ ಟೀಚರ್‌ಗೆ ಸಹಾಯಕರು, ಇದ್ದರೆ ಅವರ ಸಂಬಳ ಡಿಸ್ಟ್ರಿಕ್ಟ್ ಕೊಡುತ್ತಾ, ಪಿಟಿಎ (ಪೋಷಕರು, ಟೀಚರ್‌ಗಳ ಸಂಘ) ಕೊಡುತ್ತಾ ಅಂತಲೂ ಕೇಳಿ. ಪಿಟಿಎ ದುಡ್ಡಾದರೆ ಚಂದಾ ಕಡಿಮೆಯಾದ ವರ್ಷ ಏಡ್ ಇರಲ್ಲ. ಕೋವಿಡ್ ಕಾಲದ ಕೇಂದ್ರದ ಹಣದಲ್ಲಿ ಎಷ್ಟೋ ಡಿಸ್ಟ್ರಿಕ್ಟ್‌ಗಳು ಜನರನ್ನು ಕೆಲಸಕ್ಕೆ ತೆಗೆದುಕೊಂಡಿದ್ದವು. ಆ ಹಣದ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಮುಂದಿನ ವರ್ಷಕ್ಕೆ ಕೆಲಸ ಇಲ್ಲದೆ ಹೋಗಬಹುದು ಅನ್ನುವ ನೋಟಿಸ್ ಟೀಚರ್‌ಗಳಿಗೆ ಮಾರ್ಚ್ 15ರೊಳಗೆ ಬರುತ್ತದೆ. ಆ ವಾರ ಸ್ಕೂಲ್ ಗೇಟ್ ಹತ್ತಿರ ಟೀಚರ್‌ಗಳ ಮುಖ ನೋಡಿದರೇ ಗೊತ್ತಾಗುತ್ತದೆ.

ಇನ್ನೊಂದು ಮಾತು, ನಮ್ಮವರಿಗೆ ಸಿಟ್ಟು ಬರಬಹುದು. ಇಲ್ಲಿ ಬಹುತೇಕ ಡಿಸ್ಟ್ರಿಕ್ಟ್‌ಗಳಿಗೆ ರಾಜ್ಯದ ದುಡ್ಡು ಬರುವುದು ದಿನಾ ಹಾಜರಾದ ಮಕ್ಕಳ ಲೆಕ್ಕದಲ್ಲಿ. ಮನೆ ತೆರಿಗೆಯಲ್ಲೇ ನಡೆಯುವ ಕೆಲವು ಶ್ರೀಮಂತ ಡಿಸ್ಟ್ರಿಕ್ಟ್‌ಗಳನ್ನು ಬಿಡಿ. ಡಿಸೆಂಬರ್‌ನಲ್ಲಿ ಮದುವೆ, ಮುಂಜಿ ಅಂತ ಐದು ವಾರ ಊರಿಗೆ ಹೋಗಿ, ಬಂದು ಕೌನ್ಸೆಲರ್ ಇಲ್ಲ ಅಂತ ಬೈದರೆ ಹೇಗೆ? ಹೋಗಲೇಬೇಕಾದರೆ ಮೊದಲೇ ಹೇಳಿ ಇಂಡಿಪೆಂಡೆಂಟ್ ಸ್ಟಡಿ, ಅಂದರೆ ಸ್ಕೂಲಿಗೆ ಬರದ ದಿನಗಳಿಗೆ ಸ್ಕೂಲೇ ಕೊಡುವ ಪಾಠ, ಮಾಡಿಸಿಕೊಳ್ಳಿ. ಮಗು ಹೋಮ್‌ವರ್ಕ್ ಮುಗಿಸಿ ಕೊಟ್ಟರೆ ಹಾಜರಿ ಸಿಗುತ್ತದೆ.

ಸ್ಕೂಲಿಗೆ ಸೇರಿಸುವ ಫಾರ್ಮ್‌ನಲ್ಲಿ ಮನೆಭಾಷೆ ಇಂಗ್ಲಿಷ್ ಅಂತ ಬರೆಯಿರಿ, ಇಲ್ಲದಿದ್ದರೆ ಮಗುವನ್ನು ಬೇರೆ ಕೂರಿಸುತ್ತಾರೆ ಅಂತ ಮೇಲೆ ಯಾರೋ ಹೇಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕನ್ನಡ ಅಂದರೆ ಕನ್ನಡ ಅಂತಲೇ ಬರೆಯಿರಿ. ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತೆ ಅಂತ ನೋಡಲು ಎಲ್‌ಪ್ಯಾಕ್ ಅಂತ ಒಂದು ಪರೀಕ್ಷೆ ಕೊಡುತ್ತಾರೆ. ಇಂಗ್ಲಿಷ್ ಚೆನ್ನಾಗಿದ್ದರೆ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ದಿನಾ ಸ್ವಲ್ಪ ಹೊತ್ತು ಇಂಗ್ಲಿಷ್ ಪಾಠ ಸಿಗುತ್ತದೆ. ಇಂಗ್ಲಿಷ್ ಕಲಿಯುತ್ತಿರುವವರ ಆ ಪಟ್ಟಿಯಿಂದ ಹೊರಗೆ ಬರಲು ಕೆಲವು ಮಕ್ಕಳಿಗೆ ವರ್ಷಗಟ್ಟಲೆ ಹಿಡಿಯುತ್ತದೆ, ಅದು ನಿಜ. ಆದರೆ ಈ ಸಹಾಯ ಸುಮ್ನೆ ಬಂದಿದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಕುಟುಂಬಗಳು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1974ರಲ್ಲಿ ಗೆದ್ದಿದ್ದರಿಂದ ಬಂದಿದ್ದು.

ಮಗ ಈಗ ಕಾಗೆ ಸರಿಯಾಗಿ ಹೇಳುತ್ತಾನೆ, ಅಜ್ಜಿಗೆ ಅದೇ ಸಂತೋಷ. ಇಲ್ಲಿ ಬಹುತೇಕ ಕಡೆ ಸ್ಕೂಲ್ ಸಿಗುವುದು ಮನೆ ವಿಳಾಸದ ಮೇಲೆ. ಹಾಗಾಗಿ ಮನೆಗೆ ಸಹಿ ಹಾಕುವ ಮೊದಲು ಯಾವ ಬೀದಿ ಅಂತ ಇಲ್ಲಿ ಹೇಳಿ, ಆ ಸ್ಕೂಲಲ್ಲಿ ಮಕ್ಕಳಿರುವವರು ಈ ಗುಂಪಲ್ಲೇ ಯಾರಾದರೂ ಇರುತ್ತಾರೆ.