ಪದ ಬೇಕಿದೆ: ದೋಣಿಯ ಮೈಗೆ ಹಿಡಿಯುವ 'ವಾಟರ್ ಸ್ಟೇನ್'

ಕಾರವಾರದಿಂದ:
ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ಆ 61 ದಿನಗಳಲ್ಲೇ ಕೋಡಿಬಾಗದ ನಮ್ಮ ಶೆಡ್ಡಿಗೆ ಕೆಲಸ. ಬೋರ್ಡು ಬರೆಯುವವರು ನಾಳೆ ಸಂಜೆ ಬರುತ್ತಾರೆ. ಕಾಳಿ ಹೊಳೆಯಲ್ಲಿ ನಿಂತಿದ್ದ ಫೈಬರ್ ದೋಣಿಯನ್ನು ಮೇಲೆಳೆದರೆ, ನೀರು ಮುಟ್ಟುತ್ತಿದ್ದ ಮಟ್ಟದಲ್ಲಿ ಸುತ್ತಲೂ ಎರಡು ಬೆರಳಗಲ ಚಹಾ ಬಣ್ಣದ ಪಟ್ಟೆ. ಅದನ್ನು ತೆಗೆದು, ಮತ್ತೆ ಹಿಡಿಯದಂತೆ ವ್ಯಾಕ್ಸ್ ಹಚ್ಚಿ ಕೊಡುತ್ತೇವೆ. ಜೊತೆಗೊಂದು ಕೈಪಿಡಿಯನ್ನೂ ಕನ್ನಡಕ್ಕೆ ತರುತ್ತಿದ್ದೇನೆ. 'ನೀರಿನ ಕಲೆ' ಸಾಕೇ?

ಬೆಂಗಳೂರಿನಿಂದ:
ಶೆಡ್ಡು, ಬೋರ್ಡು, ವ್ಯಾಕ್ಸ್. ಮೊದಲು ಈ ಕಲೆಗಳನ್ನು ತೆಗೆಯಿರಿ. 'ಜಲಲಾಂಛನ' ಎಂದು ಬರೆಸಿ.

ಶಿರಸಿಯಿಂದ:
'ಜಲಲಾಂಛನ' ಖಂಡಿತ ಬೇಡ. ಲಾಂಛನ ಎಂದರೆ ಇಂದಿನವರಿಗೆ ಸರ್ಕಾರದ ಗಂಡಭೇರುಂಡ, ಉಜ್ಜಿ ತೆಗೆಯುವ ಕೊಳೆಯಲ್ಲ. 'ಕಲೆ'ಯನ್ನು ಬೋರ್ಡಿನಲ್ಲಿ ವಿದ್ಯೆ ಎಂದೂ ಓದಿಕೊಂಡಾರು. ನನ್ನ ಒಲವು ಕೊಳೆ, ಕಲೆ ಎಂಬರ್ಥದ 'ಕರೆ'ಗೆ. ಹಳಗನ್ನಡದಲ್ಲಿ ಅದು ಶಕಟರೇಫದ, ಅಂದರೆ ಱ ಎಂಬ ಹಳೆಯ ಅಕ್ಷರದ, 'ಕಱೆ'; ಕಱೆಗೊರಲ, ಕೊರಳಲ್ಲಿ ಕಱೆ ಇರುವವನು, ಎಂದರೆ ಶಿವ. ದಡ ಎಂಬರ್ಥದ 'ಕರೆ' ಸಾದಾ ರೇಫದ್ದು. ಱ ಬಿದ್ದುಹೋದ ಮೇಲೆ ಎರಡೂ ಒಂದೇ ಬರಹಕ್ಕೆ ಬಂದವು. ಇಲ್ಲಿ ಅದು ಲಾಭವೇ: ದೋಣಿಯ ಮೈಮೇಲಿನ ಆ ಪಟ್ಟೆ ಕೊಳೆಯೂ ಹೌದು, ನೀರಿನ ದಡವೂ ಹೌದು. ಆದೇಶ ಸಂಧಿ ಮಾಡಿ 'ನೀರ್ಗರೆ' ಎನ್ನಿ.

ಕೈಪಿಡಿಯಲ್ಲಿ ಮಾತ್ರ ಒಂದೇ ಪದಕ್ಕೆ ಕಟ್ಟುಬೀಳಬೇಡಿ. ಚಹಾ ಬಣ್ಣ ಬರುವುದು ಕಾಡಿನ ಎಲೆ, ತೊಗಟೆ ಕೊಳೆತು ಹೊಳೆಗಿಳಿಯುವ ಟ್ಯಾನಿನ್‌ನಿಂದ. ಅದಕ್ಕೆ ನಮ್ಮಲ್ಲಿ ಪದ ಇದೆ: ಚೊಗರು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಚೊಗರು ಇಳಿದಂತೆಲ್ಲ ಒಂದರ ಕೆಳಗೊಂದು ಕೆಂಪು ಗೆರೆ ಉಳಿಯುತ್ತದೆ. ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ನನ್ನ ಉಗುರಿಗೆ ಬಣ್ಣ ಹತ್ತಿತೇ ಹೊರತು ಗೆರೆ ಹೋಗಲಿಲ್ಲ. ನಿಮ್ಮ ದೋಣಿಯದೂ ಇದೇ ಕಥೆ, ಆಕ್ಸಾಲಿಕ್ ಆಮ್ಲಕ್ಕೆ ಬಿಡುತ್ತದೆ. ನೀರು ಆರಿದಲ್ಲಿ ಉಳಿಯುವ ಬಿಳಿ ಸುಣ್ಣದ ಕರೆಗೆ ವಿನೆಗರ್ ಸಾಕು. ಪಾಚಿಗೆ ಸಾಬೂನು, ಬ್ರಷ್ಷು. ಮೂರಕ್ಕೂ 'ಕಲೆ' ಎಂದು ಬರೆದರೆ ಓದಿದವರು ತಪ್ಪು ಡಬ್ಬ ತೆರೆಯುತ್ತಾರೆ. ಆಕ್ಸಾಲಿಕ್ ಆಮ್ಲವನ್ನು ಅಚ್ಚಗನ್ನಡದ ಆಸೆಗೆ ಬರೀ 'ಹುಳಿ' ಮಾಡಬೇಡಿ, ಅದು ವಿಷ. ಕೈಗವಸು, ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯುವುದು, ಇವೆರಡನ್ನೂ ದಪ್ಪಕ್ಷರದಲ್ಲಿ ಹಾಕಿ.

ಬೆಂಗಳೂರಿನಿಂದ:
'ನೀರ್ಗರೆ' ತಪ್ಪು. ಮಳೆಗರೆ ಎಂಬಂತೆ 'ನೀರು ಸುರಿಸು' ಎಂದಾಗುತ್ತದೆ. ಬಿಡಿಸಿ 'ನೀರಿನ ಕರೆ' ಎಂದರೆ ನೀರು ಕೂಗಿ ಕರೆದಂತೆ. ವ್ಯಾಕ್ಸ್‌ಗೆ 'ಮೇಣ' ಇದೆ. ಇದ್ದ ಪದ ಬಿಟ್ಟು ಕಡ ತರುವುದು ಸೋಮಾರಿತನ.

ಶಿರಸಿಯಿಂದ:
ಮಳೆಗರೆಯ ಮಾತು ಒಪ್ಪಿದೆ, ನನಗದು ಹೊಳೆದಿರಲಿಲ್ಲ. ಮೇಣದ ಮಾತು ಒಪ್ಪುವುದಿಲ್ಲ. ನಮ್ಮ ಕಡೆ ಮೇಣ ಎಂದರೆ ಮೊದಲು ನೆನಪಾಗುವುದು ಹಲಸಿನ ಅಂಟು. ಫೈಬರಿನ ಮೇಲ್ಪದರದ ಸೂಕ್ಷ್ಮ ರಂಧ್ರ ಮುಚ್ಚಿ ಬಣ್ಣ ಒಳಗಿಳಿಯದಂತೆ ತಡೆಯುವ ವಸ್ತುವಿಗೆ ಅಂಗಡಿಯಲ್ಲಿ ಕೇಳುವ ಹೆಸರು ವ್ಯಾಕ್ಸ್. ಬಟಾಟೆ ಪೋರ್ಚುಗೀಸರಿಂದ ಬಂತು, ಸಾಬೂನೂ ಹೊರಗಿನದೇ. ಅವನ್ನು ಬಿಟ್ಟು ಈ ಕರಾವಳಿಯ ಯಾವ ಮನೆ ನಡೆದೀತು?

ಬೋರ್ಡಿಗೆ ನಾಮಪದವೇ ಬೇಡ. ಕವಳ (ಎಲೆಯಡಿಕೆ) ಹಾಕುವವರ ಹಲ್ಲು ಕರೆಗಟ್ಟಿದೆ ಎನ್ನುತ್ತೇವಲ್ಲ, ಅದನ್ನೇ ಬಳಸಿ. ಅಲ್ಲಿ ದಡವೂ ಬಾರದು, ಕೂಗೂ ಬಾರದು.

ಕಾರವಾರದಿಂದ:
ಬರೆಸಲು ಕೊಟ್ಟದ್ದು: 'ಕರೆಗಟ್ಟಿದ ದೋಣಿಗಳನ್ನು ತೊಳೆದು ವ್ಯಾಕ್ಸ್ ಹಚ್ಚಿಕೊಡಲಾಗುವುದು.' ಕೈಪಿಡಿಯಲ್ಲಿ ಸುಣ್ಣದ ಕರೆ, ಪಾಚಿ ಬೇರೆ ಬೇರೆ ಮಾಡಿದೆ. 'ಚೊಗರು' ಮಾತ್ರ ಇಲ್ಲಿ ಕಷ್ಟ. ದೋಣಿಯವರಲ್ಲಿ ಬಹಳ ಮಂದಿಗೆ ಮನೆಮಾತು ಕೊಂಕಣಿ, ಅಡಿಕೆ ಬೇಯಿಸಿದವರಲ್ಲ. 'ಚಹಾ ಬಣ್ಣದ ಕರೆ' ಎಂದಿಟ್ಟಿದ್ದೇನೆ. ಕೊಂಕಣಿಯಲ್ಲಿ ಚೊಗರಿಗೆ ಏನನ್ನುತ್ತಾರೆಂದು ಬಲ್ಲವರು ನಾಳೆ ಮಧ್ಯಾಹ್ನದೊಳಗೆ ತಿಳಿಸಿ.