ಹಳೆಯ ಬ್ರಿಟಿಷ್ ಧಾರಾವಾಹಿಗಳಲ್ಲಿ ಇಂದಿಗೂ ನೋಡತಕ್ಕವು ಯಾವುವು?

ಪ್ರಶ್ನೆ: ಬಟವಾಡಿಯ ಓದುಗಿ, ತುಮಕೂರು

ನಮ್ಮ ತಂದೆಯವರು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾದ ಮೇಲೆ ಮಾಳಿಗೆಯ ಮೇಲೆ ಎತ್ತರದ ಕಂಬ ನೆಟ್ಟು ಆಂಟೆನಾ ಕಟ್ಟಿಸಿದ ಮನೆಗಳಲ್ಲಿ ನಮ್ಮದೂ ಒಂದು. ಮೊದಲು ದೂರದರ್ಶನದಲ್ಲಿ, ಆಮೇಲೆ ಕೇಬಲ್ಲಿನಲ್ಲಿ, ನಡುನಡುವೆ ವಿಡಿಯೊ ಲೈಬ್ರರಿಯಿಂದ ತಂದ ಕ್ಯಾಸೆಟ್ಟುಗಳಲ್ಲಿ ಅವರು ಹಲವು ಬ್ರಿಟಿಷ್ ಧಾರಾವಾಹಿಗಳನ್ನು ನೋಡಿದರು. ಪಕ್ಕದಲ್ಲಿ ಕೂತು, ಅರ್ಧಂಬರ್ಧ ಅರ್ಥವಾಗುತ್ತಿದ್ದ ಇಂಗ್ಲಿಷಿನಲ್ಲಿಯೇ ನಾನೂ ನೋಡಿದೆ. ‘ಯೆಸ್ ಮಿನಿಸ್ಟರ್’ ಬಂದ ದಿನ ನಮ್ಮ ಮನೆಯಲ್ಲಿ ಊಟದ ಹೊತ್ತೇ ಮುಂದಕ್ಕೆ ಹೋಗುತ್ತಿತ್ತು.

ಈಗ ಅವರಿಗೆ ಸಂಜೆಗಳು ಬಿಡುವಾಗಿವೆ. ಪಿಯುಸಿ ಓದುತ್ತಿರುವ ನನ್ನ ಮಗಳೂ ತಾತನ ಜೊತೆ ಕೂತು ಏನನ್ನಾದರೂ ನೋಡಲು ಆಸೆಪಡುತ್ತಾಳೆ. ಇಬ್ಬರಿಗೂ ರುಚಿಸುವ ಹಳೆಯ ಸರಣಿಗಳು ಯಾವುವು, ಅಷ್ಟು ದೂರದ ದೇಶದ ಕಥೆಗಳು ನಮ್ಮ ಹಿರಿಯರಿಗೆ ಇಷ್ಟು ಹತ್ತಿರವಾದದ್ದು ಏಕೆ ಎಂಬುದನ್ನು ತಿಳಿದವರು ಬರೆದರೆ ಉಪಕಾರವಾಗುತ್ತದೆ. ಇನ್ನೊಂದು ಮಾತು. ಆಗ ನಾವೆಲ್ಲ ನಕ್ಕು ನೋಡಿದ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಥರದವುಗಳಲ್ಲಿ ಭಾರತೀಯರನ್ನು ಚಿತ್ರಿಸಿದ ರೀತಿ ಈಗ ನನಗೆ ಹಿಡಿಸುವುದಿಲ್ಲ. ಅವನ್ನು ಮಗಳಿಗೆ ತೋರಿಸುವುದು ಸರಿಯೆ?

ಉತ್ತರ: ಶಿರಾದಿಂದ, ಒಬ್ಬ ನಿವೃತ್ತ ನೌಕರ

ಮೇಡಂ, ತಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ‘ಯೆಸ್ ಮಿನಿಸ್ಟರ್’ ಹತ್ತಿರವಾಗಲು ಕಾರಣ ಹುಡುಕಬೇಕಾಗಿಲ್ಲ. ಕಡತದ ಮೇಲೆ ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದು ಕೆಳಗೆ ಕಳಿಸಿದರೆ ಏನಾಗುತ್ತದೆ, ಬೇಡವಾದ ಪ್ರಸ್ತಾವವನ್ನು ಬೇಡ ಎನ್ನದೆಯೇ ಸಮಿತಿಯೊಂದಕ್ಕೆ ಒಪ್ಪಿಸಿ ಹೇಗೆ ಮಲಗಿಸಬಹುದು ಎಂಬುದು ತುಮಕೂರಿನ ಕಚೇರಿಯಲ್ಲಿಯೂ ಲಂಡನ್ನಿನ ವೈಟ್‌ಹಾಲಿನಲ್ಲಿಯೂ ಒಂದೇ. ಆಂಟನಿ ಜೇ ಮತ್ತು ಜೊನಾಥನ್ ಲಿನ್ ಇದನ್ನು ಬರೀ ಕಲ್ಪನೆಯಿಂದ ಬರೆಯಲಿಲ್ಲ. ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರ ಬಳಿ ಕೆಲಸ ಮಾಡಿದ್ದ ಮಾರ್ಷಿಯಾ ವಿಲಿಯಮ್ಸ್, ಬರ್ನಾರ್ಡ್ ಡಾನಹ್ಯೂ ಮುಂತಾದ ಒಳಗಿನವರಿಂದ ವಿಷಯ ಕೇಳಿಕೊಂಡು ಬರೆದರು. ಹಾಗಾಗಿಯೇ ಅದರಲ್ಲಿ ಕಚೇರಿಯ ವಾಸನೆ ಇದೆ.

1980ರಿಂದ 1984ರವರೆಗೆ ‘ಯೆಸ್ ಮಿನಿಸ್ಟರ್’, 1986ರಿಂದ 1988ರವರೆಗೆ ‘ಯೆಸ್, ಪ್ರೈಮ್ ಮಿನಿಸ್ಟರ್’, ಎರಡೂ ಸೇರಿ ಇರುವುದು 38 ಕಂತುಗಳು ಮಾತ್ರ. ಮಂತ್ರಿ ಜಿಮ್ ಹ್ಯಾಕರ್ ಆಗಿ ಪಾಲ್ ಎಡಿಂಗ್ಟನ್, ಕಾರ್ಯದರ್ಶಿ ಸರ್ ಹಂಫ್ರಿಯಾಗಿ ನೈಜೆಲ್ ಹಾಥಾರ್ನ್, ಇಬ್ಬರ ನಡುವೆ ಸಿಕ್ಕಿಕೊಂಡ ಆಪ್ತ ಕಾರ್ಯದರ್ಶಿ ಬರ್ನಾರ್ಡ್ ಆಗಿ ಡೆರೆಕ್ ಫೌಲ್ಡ್ಸ್ ನಟಿಸಿದ್ದಾರೆ. ಹಾಥಾರ್ನ್ ಅವರಿಗೆ ಈ ಒಂದೇ ಪಾತ್ರಕ್ಕಾಗಿ ನಾಲ್ಕು ಬಾರಿ ಬಾಫ್ಟಾ ಪ್ರಶಸ್ತಿ ಬಂತು. ಅಷ್ಟೇ ಸೂಕ್ಷ್ಮವಾಗಿ ನಟಿಸಿದ ಎಡಿಂಗ್ಟನ್ ಅವರಿಗೆ ಒಮ್ಮೆಯೂ ಬರಲಿಲ್ಲವೆಂಬುದು ನನಗೆ ಈಗಲೂ ಬೇಸರದ ಸಂಗತಿ. ಕಾರ್ಯದರ್ಶಿ ನೀಳವಾಗಿ ಮಾತಾಡುತ್ತಿರುವಾಗ ಮಂತ್ರಿಯ ಮುಖದಲ್ಲಿ ತಿಳಿವು ನಿಧಾನವಾಗಿ ಇಳಿಯುವುದನ್ನು ನೋಡಿ, ನನ್ನ ಮಾತು ಸರಿಯೆನಿಸುತ್ತದೆ.

ಹ್ಯಾಕರ್ ಯಾವ ಪಕ್ಷದವನು ಎಂದು ಸರಣಿ ಎಲ್ಲಿಯೂ ಹೇಳುವುದಿಲ್ಲ. ಅದು ಹಳತಾಗದೆ ಉಳಿಯಲು ಇದೊಂದು ದೊಡ್ಡ ಕಾರಣವೆಂದು ನನ್ನ ನಂಬಿಕೆ. 2001ರಲ್ಲಿ ಫಾರೂಕ್ ಶೇಖ್ ನಟಿಸಿದ ‘ಜೀ ಮಂತ್ರೀಜಿ’ ಹಿಂದಿಯಲ್ಲಿ ಬಂದಾಗ ಕಥೆಗಳು ಸಲೀಸಾಗಿ ದೆಹಲಿಗೆ ಹೊಂದಿಕೊಂಡದ್ದೂ ಅದರಿಂದಲೇ. ಮೊಮ್ಮಗಳಿಗೆ ಮೊದಲು 1981ರ ‘ದಿ ಕಂಪ್ಯಾಷನೇಟ್ ಸೊಸೈಟಿ’ ತೋರಿಸಿ. ಅದರಲ್ಲಿ ಹೊಸ ಆಸ್ಪತ್ರೆಯೊಂದಿದೆ. ಆಡಳಿತ ಸಿಬ್ಬಂದಿ ತುಂಬಿದ್ದಾರೆ, ಎಲ್ಲ ವಿಭಾಗಗಳೂ ನಡೆಯುತ್ತಿವೆ, ರೋಗಿ ಮಾತ್ರ ಒಬ್ಬನೂ ಇಲ್ಲ. ಅದು ಚೆನ್ನಾಗಿ ನಡೆಯುತ್ತಿದೆ ಎಂದು ಅಧಿಕಾರಿಗಳು ಮನಃಪೂರ್ವಕವಾಗಿ ವಾದಿಸುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳುವುದು ಅಗತ್ಯ, ಏಕೆಂದರೆ ಸರ್ ಹಂಫ್ರಿಯ ವಾಕ್ಯಗಳು ಒಮ್ಮೆ ಕೇಳಿದರೆ ಹಿಡಿತಕ್ಕೆ ಬರುವಂಥವಲ್ಲ.

ಉತ್ತರ: ಶ್ರೀನಿವಾಸಪುರದ ಪಶುವೈದ್ಯ

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕೊಳವೆಬಾವಿ ಬತ್ತಿದ ಮನೆಗಳನ್ನು ಹಿಡಿದು ನಿಲ್ಲಿಸಿರುವುದು ಸೀಮೆಹಸು. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕಿ ಬರುವ ದುಡ್ಡಿನಲ್ಲಿ ಮಕ್ಕಳ ಶುಲ್ಕ ಕಟ್ಟಿದವರ ನಡುವೆ ವೃತ್ತಿ ಮಾಡಿದ ನನಗೆ ‘ಆಲ್ ಕ್ರೀಚರ್ಸ್ ಗ್ರೇಟ್ ಆ್ಯಂಡ್ ಸ್ಮಾಲ್’ ಬಿಟ್ಟರೆ ಬೇರೆ ಸರಣಿ ಮೊದಲು ನೆನಪಾಗುವುದಿಲ್ಲ. ಬಿಬಿಸಿ ಇದನ್ನು 1978ರಲ್ಲಿ ಆರಂಭಿಸಿತು. ನಡುವೆ ಬಿಡುವು ಕೊಟ್ಟು 1990ರವರೆಗೆ 90 ಕಂತುಗಳನ್ನು ಮಾಡಿತು. ಯಾರ್ಕ್‌ಶೈರಿನ ಥರ್ಸ್ಕ್ ಎಂಬ ಊರಿನಲ್ಲಿ ದನಗಳ ವೈದ್ಯರಾಗಿದ್ದ ಆಲ್ಫ್ ವೈಟ್ ಅವರು ಜೇಮ್ಸ್ ಹೆರಿಯಟ್ ಎಂಬ ಹೆಸರಿನಲ್ಲಿ ಬರೆದ ಅನುಭವಗಳು ಇದಕ್ಕೆ ಆಧಾರ. ಕ್ರಿಸ್ಟೋಫರ್ ಟಿಮೊಥಿ ಹೆರಿಯಟ್ ಆಗಿ, ರಾಬರ್ಟ್ ಹಾರ್ಡಿ ಹಿರಿಯ ವೈದ್ಯ ಸೀಗ್‌ಫ್ರೀಡ್ ಆಗಿ, ಪೀಟರ್ ಡೇವಿಸನ್ ಅವರ ತಮ್ಮ ಟ್ರಿಸ್ಟನ್ ಆಗಿ ನಟಿಸಿದ್ದಾರೆ.

ಕಥೆ ಶುರುವಾಗುವುದು 1930ರ ದಶಕದ ಕೊನೆಯಲ್ಲಿ. ಪೆನಿಸಿಲಿನ್ ಇನ್ನೂ ದನಗಳ ಚಿಕಿತ್ಸೆಗೆ ಬಂದಿರಲಿಲ್ಲ. ಕೆಚ್ಚಲು ಬಾವಿಗೆ ಇವತ್ತು ನಾವು ಕೊಡುವ ಔಷಧಗಳೊಂದೂ ಇರಲಿಲ್ಲ. ವೈದ್ಯನ ಕೈಯಲ್ಲಿದ್ದುದು ಬಿಸಿನೀರಿನ ಬಕೆಟ್ಟು, ಸೋಪು, ಹಗ್ಗ ಮತ್ತು ತೋಳಿನ ಬಲ. ನಡುರಾತ್ರಿ ಕೊಟ್ಟಿಗೆಯಲ್ಲಿ ಅಂಗಿ ಕಳಚಿ, ಚಳಿಯಲ್ಲಿ ನಡುಗುತ್ತ, ಭುಜದವರೆಗೆ ತೋಳು ಹಾಕಿ, ಒಳಗೆ ತಲೆ ಹಿಂದಕ್ಕೆ ತಿರುಗಿಸಿಕೊಂಡಿರುವ ಕರುವನ್ನು ಸರಿಪಡಿಸುವ ಕೆಲಸವನ್ನು ಮಾಡಿದವರಿಗೇ ಗೊತ್ತು. ಈಯಲಾರದೆ ಒದ್ದಾಡುವ ಹಸುವಿನ ಪಕ್ಕದಲ್ಲಿ ಮನೆಯವರು ನಿಲ್ಲುವ ರೀತಿ, ಹೊಸ ಡಾಕ್ಟರನನ್ನು ನಂಬಲೋ ಬೇಡವೋ ಎಂದು ಅವರು ನೋಡುವ ನೋಟ, ಪಕ್ಕದ ಮನೆಯ ಹಿರಿಯರು ಹೇಳುವ ನಾಟಿ ಔಷಧ, ಕೊನೆಯಲ್ಲಿ ಫೀಸಿನ ಮಾತು ಬಂದಾಗ ಆಗುವ ಮೌನ, ಇವೆಲ್ಲ ನಾನು ಚಿಂತಾಮಣಿ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಕಂಡವೇ. ಈದ ಮೇಲೆ ಹಾಲುಜ್ವರದಿಂದ ನೆಲ ಹಿಡಿದ ಹಸುವಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ಹನಿಹನಿಯಾಗಿ ಏರಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅದು ಎದ್ದು ನಿಲ್ಲುತ್ತದೆ. ಆ ಚಿಕಿತ್ಸೆ ಹೊಸದಾಗಿ ಬಂದಿದ್ದ ಕಾಲವೂ ಅದೇ. ರೈತರಿಗೆ ಆಗ ಎಷ್ಟು ಆಶ್ಚರ್ಯವಾಗಿರಬೇಕೆಂದು ನನಗೆ ಊಹಿಸಲು ಕಷ್ಟವಿಲ್ಲ.

ಅಲ್ಲಿ ರೈತರನ್ನು ದಡ್ಡರೆಂದು ತೋರಿಸಿಲ್ಲ. ಎಷ್ಟೋ ಸಲ ಹಸುವಿನ ಬಗ್ಗೆ ಡಾಕ್ಟರನಿಗಿಂತ ರೈತನಿಗೇ ಹೆಚ್ಚು ಗೊತ್ತಿರುತ್ತದೆ, ಡಾಕ್ಟರು ಅದನ್ನು ಒಪ್ಪಿಕೊಳ್ಳುತ್ತಾನೆ. 2020ರಲ್ಲಿ ಶುರುವಾದ ಹೊಸ ಸರಣಿಯ ದೃಶ್ಯಗಳು ಕಣ್ಣಿಗೆ ಸುಂದರವಾಗಿವೆ, ಆದರೆ ಕೊಟ್ಟಿಗೆಯ ಕೆಸರು ಹಳೆಯದರಲ್ಲೇ ಹೆಚ್ಚು ನಿಜ. ತಮ್ಮ ಮಗಳು ವಿಜ್ಞಾನ ಓದುತ್ತಿದ್ದರೆ ಇದನ್ನು ಖಂಡಿತ ತೋರಿಸಿ. ಜೊತೆಗೆ ಡೇವಿಡ್ ಆ್ಯಟನ್‌ಬರೊ ಅವರ 1979ರ ‘ಲೈಫ್ ಆನ್ ಅರ್ತ್’ ಕೂಡ. 13 ಭಾಗಗಳಲ್ಲಿ ಜೀವವಿಕಾಸವನ್ನು ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಉತ್ತರ: ಇಂಗ್ಲಿಷ್ ಅಧ್ಯಾಪಕಿ, ಚಿಕ್ಕಬಳ್ಳಾಪುರ

ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಐಟಿವಿಯಲ್ಲಿ 1977ರಿಂದ 1979ರವರೆಗೆ ಬಂತು. ಲಂಡನ್ನಿನ ಸಂಜೆ ತರಗತಿಯೊಂದರಲ್ಲಿ ಹಲವು ದೇಶದವರು ಇಂಗ್ಲಿಷ್ ಕಲಿಯುವುದು ಅದರ ವಸ್ತು. ಪ್ರತಿಯೊಬ್ಬ ಕಲಿಕೆಗಾರನಿಗೂ ಅವನ ದೇಶಕ್ಕೆ ಅಂಟಿಸಿದ ಒಂದೇ ಗುಣ, ಒಂದೇ ಪಲ್ಲವಿ. ರಂಜೀತ್ ಸಿಂಗ್ ಪದೇ ಪದೇ ಸಾವಿರ ಕ್ಷಮೆ ಕೇಳುತ್ತಾನೆ, ಜಮೀಲಾ ಹೆಣಿಗೆ ಬಿಡುವುದಿಲ್ಲ. ಹಳ್ಳಿಯಿಂದ ಬಂದು ನನ್ನೆದುರು ಮೊದಲ ಸಲ ಇಂಗ್ಲಿಷಿನಲ್ಲಿ ಬಾಯಿ ತೆರೆಯುವ ಮಕ್ಕಳನ್ನು ಪ್ರತಿವರ್ಷ ನೋಡುವ ನನಗೆ, ತಪ್ಪು ಉಚ್ಚಾರಣೆಯನ್ನೇ ನಗೆಯ ಮೂಲವಾಗಿಸಿದ ಈ ಸರಣಿಯನ್ನು ನೋಡುವುದು ಕಷ್ಟ. ಏಕರೂಪದ ಈ ಚಿತ್ರಣದ ಕಾರಣದಿಂದಲೇ ಆ ವಾಹಿನಿಯ ಅಧಿಕಾರಿ ಮೈಕೆಲ್ ಗ್ರೇಡ್ ಅದನ್ನು ನಿಲ್ಲಿಸಿದರು. ದೇವಲಾಲಿಯ ಸೇನಾ ಶಿಬಿರದ ಕಥೆಯಾದ ‘ಇಟ್ ಎಯ್ಂಟ್ ಹಾಫ್ ಹಾಟ್ ಮಮ್’ನಲ್ಲಿ ಭಾರತೀಯನ ಮುಖ್ಯ ಪಾತ್ರವನ್ನು ಮೈಕೆಲ್ ಬೇಟ್ಸ್ ಎಂಬ ಬಿಳಿಯ ನಟ ಮುಖಕ್ಕೆ ಬಣ್ಣ ಬಳಿದುಕೊಂಡು ಮಾಡಿದರು. ಇದನ್ನು ನಾನು ಮಕ್ಕಳಿಗೆ ತೋರಿಸಲಾರೆ.

ನಗು ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಬೇಕು. 1975 ಮತ್ತು 1979ರಲ್ಲಿ ಬಂದ ‘ಫಾಲ್ಟಿ ಟವರ್ಸ್’ನಲ್ಲಿ ಸ್ಪೇನಿನ ಮಾಣಿ ಮ್ಯಾನ್ಯುಯೆಲ್‌ಗೂ ಇಂಗ್ಲಿಷ್ ಬರುವುದಿಲ್ಲ. ಆದರೆ ಅಲ್ಲಿ ಮಾನ ಕಳೆದುಕೊಳ್ಳುವವನು ತಾನು ಮೇಲಿನವನೆಂದು ಬೀಗುವ ಹೋಟೆಲಿನ ಯಜಮಾನ. ಮ್ಯಾನ್ಯುಯೆಲ್ ಆಗಿದ್ದ ಆ್ಯಂಡ್ರೂ ಸ್ಯಾಕ್ಸ್ ಬರ್ಲಿನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಕುಟುಂಬದೊಂದಿಗೆ ಇಂಗ್ಲೆಂಡಿಗೆ ಬಂದವರು. ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಬರೆದದ್ದು ಒಟ್ಟು 12 ಕಂತುಗಳು. ಒಂದೊಂದೂ ನಾಟಕದಷ್ಟು ಬಿಗಿ.

ಉತ್ತರ: ಗೌರಿಬಿದನೂರಿನಿಂದ

ಅಧ್ಯಾಪಕಿಯವರ ಮಾತನ್ನು ಗೌರವಿಸುತ್ತೇನೆ, ಪೂರ್ತಿ ಒಪ್ಪಲಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಕಾರ್ಖಾನೆಗೆ ಸೇರಿದ ಮೇಲೆ ಇಂಗ್ಲಿಷ್ ಕಲಿತವನು ನಾನು. ಆ ತರಗತಿಯ ಮೇಷ್ಟ್ರು ಯಾರನ್ನೂ ಹೀಯಾಳಿಸುವುದಿಲ್ಲ, ತಪ್ಪು ಮಾಡಿದವರು ಮರುದಿನ ಬರುವುದನ್ನೂ ನಿಲ್ಲಿಸುವುದಿಲ್ಲ. ಅದು ನನಗೆ ಧೈರ್ಯ ಕೊಟ್ಟಿತ್ತು. ಬ್ರಿಟಿಷ್ ಟಿ.ವಿ.ಯಲ್ಲಿ ನಮ್ಮ ಉಪಖಂಡದ ಮುಖಗಳೇ ಅಪರೂಪವಾಗಿದ್ದ ದಿನಗಳಲ್ಲಿ ಆಲ್ಬರ್ಟ್ ಮೋಸಸ್, ಡಿನೊ ಶಫೀಕ್, ಜಮೀಲಾ ಮ್ಯಾಸಿ ಅವರಿಗೆ ವಾರವಾರವೂ ಕಾಣಿಸಿಕೊಳ್ಳುವ ಪಾತ್ರಗಳು ಸಿಕ್ಕಿದ್ದು ಅಲ್ಲಿಯೇ. 1993ರಲ್ಲಿ ಪಂಕಜ್ ಕಪೂರ್ ಅವರು ಮೇಷ್ಟ್ರಾಗಿದ್ದ ‘ಜಬಾನ್ ಸಂಭಾಲ್ ಕೆ’ಯಲ್ಲಿ ಅದೇ ಅಚ್ಚನ್ನು ನಮ್ಮ ನಮ್ಮ ರಾಜ್ಯದವರ ಮೇಲೆ ಒತ್ತಿದಾಗ ದೇಶವೆಲ್ಲ ನಕ್ಕಿತು ಎಂಬುದನ್ನೂ ಮರೆಯಬಾರದು. ಮಗಳಿಗೆ ಒಂದು ಕಂತು ತೋರಿಸಿ, ಅವಳಿಗೆ ಏನನ್ನಿಸಿತೆಂದು ಅವಳನ್ನೇ ಕೇಳುವುದು ಒಳ್ಳೆಯದು.

ಉತ್ತರ: ಆಂಡರ್ಸನ್‌ಪೇಟೆ, ಕೆಜಿಎಫ್

ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಗಣಿಯ ಅಧಿಕಾರಿಗಳ ಬಾಯಲ್ಲಿ ಇಂಗ್ಲಿಷ್ ಕೇಳುತ್ತ ಬೆಳೆದವರು ನಾವು. ನಮ್ಮ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಅಂಡರ್‌ಗ್ರೌಂಡಿಗೆ ಇಳಿಯುತ್ತಿದ್ದರು. ಹಾಗಾಗಿ ನನ್ನ ಆಯ್ಕೆ 1975ರಿಂದ 1977ರವರೆಗೆ ಬಿಬಿಸಿ ಮಾಡಿದ ‘ಪೋಲ್‌ಡಾರ್ಕ್’, 29 ಕಂತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯುದ್ಧದಿಂದ ಕಾರ್ನ್‌ವಾಲಿಗೆ ಮರಳಿದ ಜಮೀನ್ದಾರನೊಬ್ಬ ಮುಚ್ಚಿಹೋದ ಗಣಿಯನ್ನು ಮತ್ತೆ ತೆರೆಯುತ್ತಾನೆ. ತಾಮ್ರದ ಬೆಲೆಯನ್ನು ಕೈಯಲ್ಲಿಟ್ಟುಕೊಂಡ ಬ್ಯಾಂಕಿನ ಮನೆತನ ಅವನನ್ನು ಹೇಗೆ ಹಿಂಡುತ್ತದೆ, ಗಣಿ ನಿಂತರೆ ಊರಿನ ಒಲೆಗಳು ಹೇಗೆ ಆರುತ್ತವೆ ಎಂಬುದನ್ನು ಅದು ತೋರಿಸುತ್ತದೆ.

ಕೆಜಿಎಫ್‌ನ ಗಣಿಗಳನ್ನು 1880ರ ದಶಕದಿಂದ ನಡೆಸಿದ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿಯ ಜೊತೆ ಕಾರ್ನ್‌ವಾಲಿನ ಗಣಿಗಾರರೂ ಇಲ್ಲಿಗೆ ಬಂದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ನಮ್ಮೂರಿಗೆ ಬರುವ ಮೊದಲು ಇಲ್ಲಿಯೂ ಹಬೆಯ ಎಂಜಿನ್ನುಗಳಿದ್ದವು. 2001ರಲ್ಲಿ ನಮ್ಮ ಗಣಿ ಮುಚ್ಚಿತು. ಆ ಮೇಲೆ ಈ ಸರಣಿಯನ್ನು ಸಿ.ಡಿ.ಯಲ್ಲಿ ಮತ್ತೆ ನೋಡಿದಾಗ, ಗಣಿಯ ಷೇರುದಾರರು ಮೇಜಿನ ಸುತ್ತ ಕೂತು ಲೆಕ್ಕ ನೋಡುವ ದೃಶ್ಯಗಳಲ್ಲಿ ನನಗೆ ಕಣ್ಣು ತುಂಬಿತು. ಪ್ರೇಮಕಥೆಗಾಗಿ ಅದನ್ನು ಮೆಚ್ಚಿದವರು ಬಹಳ. ನಮ್ಮೂರಿನವರು ನೋಡಿದರೆ ಬೇರೆಯದೇ ಕಾಣುತ್ತದೆ.

ಬಟವಾಡಿಯ ಓದುಗಿ: ಎಲ್ಲರಿಗೂ ಕೃತಜ್ಞತೆಗಳು. ಆಸ್ಪತ್ರೆಯ ಕಂತನ್ನು ಹಾಕಿದೆ. ತಂದೆಯವರು ಪ್ರತಿ ಮಾತಿಗೂ ತಮ್ಮ ಕಚೇರಿಯ ಉದಾಹರಣೆ ಕೊಡುತ್ತ ಹೋದರು, ಮಗಳು ನಿಲ್ಲಿಸಿ ನಿಲ್ಲಿಸಿ ಕೇಳುತ್ತಿದ್ದಳು. ಮುಂದೆ ಪಶುವೈದ್ಯರ ಸರಣಿ. ಅದರ ಮೊದಲ ಕಂತಿನಲ್ಲಿ ಮನೆಯೊಳಗಿನ ದೃಶ್ಯಗಳಿಗೂ ಹೊರಗಿನವುಗಳಿಗೂ ಬಣ್ಣ, ಬೆಳಕು ಹೊಂದುವುದಿಲ್ಲವೇಕೆಂದು ಮಗಳ ಪ್ರಶ್ನೆ. ಹಳೆಯ ಸರಣಿಗಳಲ್ಲಿ ಕೆಲವು ಕಂತುಗಳೇ ಇಲ್ಲವೆಂದೂ ಓದಿದೆ, ಅದು ನಿಜವೆ?

ಆಂಡರ್ಸನ್‌ಪೇಟೆ, ಕೆಜಿಎಫ್: ಆ ಕಾಲದಲ್ಲಿ ಬಿಬಿಸಿ ಒಳಗಿನ ದೃಶ್ಯಗಳನ್ನು ಸ್ಟುಡಿಯೊದಲ್ಲಿ ಹಲವು ಕ್ಯಾಮೆರಾಗಳಿಂದ ವಿಡಿಯೊ ಟೇಪಿನ ಮೇಲೆ, ಹೊರಗಿನವನ್ನು ಸಾಮಾನ್ಯವಾಗಿ 16 ಎಂಎಂ ಫಿಲ್ಮಿನಲ್ಲಿ ತೆಗೆಯುತ್ತಿತ್ತು. ವ್ಯತ್ಯಾಸಕ್ಕೆ ಅದೇ ಕಾರಣ. ‘ಪೋಲ್‌ಡಾರ್ಕ್’ನಲ್ಲೂ ಹಾಗೆಯೇ ಕಾಣುತ್ತದೆ. ಕಂತುಗಳು ಕಳೆದುಹೋದದ್ದು ನಿಜ. ಟೇಪು ದುಬಾರಿಯಾಗಿತ್ತು, ಅಳಿಸಿ ಮತ್ತೆ ಬಳಸಬಹುದಿತ್ತು. ಕಲಾವಿದರೊಂದಿಗಿನ ಒಪ್ಪಂದಗಳಿಂದ ಮರುಪ್ರಸಾರಕ್ಕೂ ಮಿತಿಯಿತ್ತು. ಹೀಗೆ 1960ರ ದಶಕದ ‘ಡಾಕ್ಟರ್ ಹೂ’ ಕಂತುಗಳು ಬಹಳಷ್ಟು, ‘ಡ್ಯಾಡ್ಸ್ ಆರ್ಮಿ’ಯ ಮೂರು ಕಂತುಗಳು ಅಳಿದವು. ವಿದೇಶಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳಿಂದ ಕೆಲವು ಮರಳಿವೆ: ‘ಡಾಕ್ಟರ್ ಹೂ’ದ ಒಂದು ಇಡೀ ಕಥೆ ಹಾಂಗ್‌ಕಾಂಗಿನಿಂದ 1992ರಲ್ಲಿ ಬಂತು, ನೈಜೀರಿಯಾದಲ್ಲಿ ಸಿಕ್ಕ ಅದರದೇ ಒಂಬತ್ತು ಕಂತುಗಳನ್ನು 2013ರಲ್ಲಿ ಪ್ರಕಟಿಸಿದರು. ನೀವು ನೋಡಬೇಕೆಂದಿರುವ ಸರಣಿಗಳೆಲ್ಲ ಪೂರ್ತಿಯಾಗಿ ಉಳಿದಿವೆ, ಆ ಚಿಂತೆ ಬೇಡ. ‘ಪೋಲ್‌ಡಾರ್ಕ್’ ನೋಡುವುದಾದರೆ ಮೊದಲು 1975ರದ್ದನ್ನೇ ನೋಡಿ. 2015ರ ಹೊಸ ಸರಣಿಯಲ್ಲಿ ಹಳೆಯ ನಾಯಕ ರಾಬಿನ್ ಎಲಿಸ್ ಅವರೇ ಪಾದ್ರಿ ಹಾಲ್ಸ್ ಆಗಿ ಹೊಸ ನಾಯಕನ ಎದುರು ಕೂರುತ್ತಾರೆ. ಹಳೆಯದನ್ನು ನೋಡಿರುವವರಿಗೆ ಆ ದೃಶ್ಯಗಳ ತೂಕವೇ ಬೇರೆ.